ರಿಟರ್ನ್ ಸಲ್ಲಿಸಿದ ಮೇಲೆ ಆದಾಯ ತೆರಿಗೆ ಇಲಾಖೆಯ ಪತ್ರ ಬಂದರೆ

ಇಮೇಲ್‌ನಲ್ಲಿರುವ ಲಿಂಕ್ ಒತ್ತಬೇಡಿ. ಇ-ಫೈಲಿಂಗ್ ಪೋರ್ಟಲ್‌ಗೆ ನೀವೇ ಹೋಗಿ, ಪತ್ರದ ಡಿಐಎನ್ (ಇಲಾಖೆಯ ಪತ್ರದ ಮೇಲಿರುವ ಗುರುತಿನ ಸಂಖ್ಯೆ) ಹಾಕಿ ಅದು ಅಸಲಿಯೇ ನೋಡಿ. ಲಗತ್ತಿಸಿದ ಪಿಡಿಎಫ್‌ಗೆ ಪಾಸ್‌ವರ್ಡ್: ಸಣ್ಣಕ್ಷರದಲ್ಲಿ ಪ್ಯಾನ್, ಅದರ ಬೆನ್ನಿಗೇ ಹುಟ್ಟಿದ ದಿನಾಂಕದ ಎಂಟು ಅಂಕಿ.

ಆಮೇಲೆ ಸೆಕ್ಷನ್ ನೋಡಿ. 143(1) ಬರೀ ಲೆಕ್ಕದ ತಿಳಿವಳಿಕೆ ಪತ್ರ. ಬೇಡಿಕೆ, ಮರುಪಾವತಿ ಎರಡೂ ಸೊನ್ನೆ ಇದ್ದರೆ ಉತ್ತರವೇ ಬೇಕಿಲ್ಲ. 143(1)(ಎ), ಅಂದರೆ ನಿಮ್ಮ ಲೆಕ್ಕ ತಿದ್ದುವ ಪ್ರಸ್ತಾವ ಆದರೆ ಉತ್ತರಕ್ಕೆ 30 ದಿನ; 139(9), ಅಂದರೆ ರಿಟರ್ನ್‌ನಲ್ಲಿ ದೋಷವಿದೆ ಎಂಬ ನೋಟಿಸ್ ಆದರೆ 15 ದಿನ. ಎರಡಕ್ಕೂ 'ಪೆಂಡಿಂಗ್ ಆಕ್ಷನ್ಸ್' ಒಳಗಿನ 'ಇ-ಪ್ರೊಸೀಡಿಂಗ್ಸ್'ನಲ್ಲೇ ಉತ್ತರಿಸಬೇಕು. 139(9)ನ್ನು ಕಡೆಗಣಿಸಿದರೆ ರಿಟರ್ನ್ ಸಲ್ಲಿಸಿಯೇ ಇಲ್ಲ ಎಂದಾಗಬಹುದು.

ಹಣ ಕೇಳಿದ್ದರೆ ಗಾಬರಿಯಿಂದ ಕಟ್ಟಿಬಿಡಬೇಡಿ. ಪತ್ರದಲ್ಲಿ ಎರಡು ಕಾಲಂ ಇರುತ್ತವೆ: ನೀವು ಕೊಟ್ಟ ಲೆಕ್ಕ, ಇಲಾಖೆ ಹಾಕಿದ ಲೆಕ್ಕ. ಸಾಲು ಸಾಲಾಗಿ ಬೆರಳಿಟ್ಟು ನೋಡುತ್ತಾ ಹೋಗಿ. ಅಂಕಿ ಬೇರೆಯಾಗುವ ಮೊದಲ ಸಾಲಿನಲ್ಲೇ ಸಾಮಾನ್ಯವಾಗಿ ಗುಟ್ಟಿರುತ್ತದೆ. ಹೆಚ್ಚಿನ ಸಲ ಅದು ಟಿಡಿಎಸ್, ಅಂದರೆ ನಿಮಗೆ ಹಣ ಕೊಡುವವರು ಮೊದಲೇ ಕಡಿತ ಮಾಡಿದ ತೆರಿಗೆ. ನೀವು 4,000 ತೋರಿಸಿದ್ದೀರಿ, ಫಾರ್ಮ್ 26ಎಎಸ್‌ನಲ್ಲಿ (ನಿಮ್ಮ ಪ್ಯಾನ್‌ಗೆ ಜಮೆಯಾದ ತೆರಿಗೆಯ ಪಟ್ಟಿ) ಸೊನ್ನೆ ಇದೆ ಎನ್ನೋಣ: ಕಡಿತ ಮಾಡಿದವರು ಟಿಡಿಎಸ್ ಲೆಕ್ಕ ಸಲ್ಲಿಸಿಲ್ಲ, ಇಲ್ಲವೇ ಪ್ಯಾನ್ ತಪ್ಪು ಹಾಕಿದ್ದಾರೆ. ಮೊದಲು ಅವರಿಂದ ಸರಿಪಡಿಸಿಕೊಳ್ಳಿ. 26ಎಎಸ್‌ನಲ್ಲಿ ಮೊತ್ತ ಕಂಡ ಮೇಲಷ್ಟೇ ತಪ್ಪು ತಿದ್ದುವ ಸೆಕ್ಷನ್ 154ರಡಿ 'ರೀಪ್ರೋಸೆಸ್' (ರಿಟರ್ನ್‌ನ ಲೆಕ್ಕ ಮತ್ತೆ ಹಾಕುವುದು) ಕೋರಿ. ಅದಕ್ಕೆ ಮುಂಚೆ ಕೋರಿದರೆ ಅದೇ ಬೇಡಿಕೆ ಮತ್ತೆ ಬರುತ್ತದೆ.

ಅಷ್ಟರೊಳಗೆ 'ಔಟ್‌ಸ್ಟ್ಯಾಂಡಿಂಗ್ ಡಿಮ್ಯಾಂಡ್'ನಲ್ಲಿ ಅಸಮ್ಮತಿಯನ್ನು ಕಾರಣಸಹಿತ ದಾಖಲಿಸಿ. ತಪ್ಪು ನಿಮ್ಮದೇ ಆಗಿದ್ದರೆ 30 ದಿನದೊಳಗೆ ಕಟ್ಟಿ. ತಡವಾದರೆ ತಿಂಗಳಿಗೆ ಶೇ. 1 ಬಡ್ಡಿ. ಚಲನ್‌ನಲ್ಲಿ ಮೈನರ್ ಹೆಡ್ (ಪಾವತಿಯ ಬಗೆ ಹೇಳುವ ಸಂಖ್ಯೆ) 400 ಆರಿಸಿ, ಅದು ಇಲಾಖೆ ಕೇಳಿದ ತೆರಿಗೆಗೆ; ನೀವೇ ಲೆಕ್ಕ ಹಾಕಿ ಕಟ್ಟುವ ತೆರಿಗೆಯ 300 ಅಲ್ಲ.