ಮಗುವಿನ ಸಕ್ಕರೆ ಕಾಯಿಲೆ: ಚಿಕಿತ್ಸೆ ಎಲ್ಲಿ, ಖರ್ಚು ಹೇಗೆ

ಮಕ್ಕಳಿಗೆ ಬರುವ ಸಕ್ಕರೆ ಕಾಯಿಲೆ ಬಹುಮಟ್ಟಿಗೆ ಟೈಪ್ 1 ಮಧುಮೇಹ. ಇದರಲ್ಲಿ ಮೇದೋಜೀರಕ ಗ್ರಂಥಿಯು ಇನ್ಸುಲಿನ್ ತಯಾರಿಸುವುದನ್ನೇ ನಿಲ್ಲಿಸಿಬಿಡುವುದರಿಂದ ಗುಳಿಗೆಯಾಗಲಿ, ಪಥ್ಯವಾಗಲಿ, ಹಾಗಲಕಾಯಿ ರಸವಾಗಲಿ ಆ ಕೊರತೆಯನ್ನು ತುಂಬಲಾರವು, ದಿನವೂ ಇನ್ಸುಲಿನ್ ಚುಚ್ಚುಮದ್ದೇ ಬೇಕು. ತಂಬಿಗೆಗಟ್ಟಲೆ ನೀರು ಕುಡಿಯುತ್ತಾ, ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವ ರೂಢಿ ಮರಳಿ ಬಂದು, ದಿನೇ ದಿನೇ ಸೊರಗುವ ಮಗುವಿನ ಬೆರಳಿನ ರಕ್ತವನ್ನು ಅದೇ ದಿನ ಪರೀಕ್ಷಿಸಿರಿ. ವಾಂತಿ, ಹೊಟ್ಟೆನೋವು, ಏದುಸಿರು ಸೇರಿಕೊಂಡರೆ 108ಕ್ಕೆ ಕರೆ ಮಾಡಿ ದೊಡ್ಡ ಆಸ್ಪತ್ರೆಗೇ ಹೋಗಬೇಕು.

ಹುಬ್ಬಳ್ಳಿ, ಗದಗ, ಹಾವೇರಿ ಭಾಗದ ಸರ್ಕಾರಿ ವ್ಯವಸ್ಥೆಯಲ್ಲಿ ಅಂಥ ಆಸ್ಪತ್ರೆಗಳೆಂದರೆ ಜನ ಇಂದಿಗೂ ಕಿಮ್ಸ್ ಎಂದೇ ಕರೆಯುವ ಹುಬ್ಬಳ್ಳಿಯ ವೈದ್ಯಕೀಯ ಕಾಲೇಜು ಆಸ್ಪತ್ರೆ, ಹಾಗೆಯೇ ಗದಗ ಮತ್ತು ಹಾವೇರಿಯ ವೈದ್ಯಕೀಯ ವಿಜ್ಞಾನ ಸಂಸ್ಥೆಗಳು. ಅಲ್ಲಿ ಮಕ್ಕಳ ವಿಭಾಗದಲ್ಲೇ ಚೀಟಿ ಮಾಡಿಸಿರಿ. ಊರಿನಲ್ಲಿ ನಡೆಯುವ ಸಕ್ಕರೆ ಕಾಯಿಲೆ ತಪಾಸಣೆಯು 30 ವರ್ಷ ಮೇಲ್ಪಟ್ಟವರಿಗಾಗಿ ರೂಪಿತವಾಗಿರುವುದರಿಂದ, ಏಳು ವರ್ಷದ ಮಗು ಆ ಲೆಕ್ಕಕ್ಕೆ ತಾನಾಗಿ ಬರುವುದಿಲ್ಲ.

ದಾಖಲಾತಿಯ ಖರ್ಚಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಇದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ದೊರೆಯುತ್ತದೆ. ಎಪಿಎಲ್ ಕುಟುಂಬಕ್ಕೆ ನಿಗದಿತ ದರದ ಶೇ. 30ರಷ್ಟನ್ನು, ವರ್ಷಕ್ಕೆ 1.5 ಲಕ್ಷದ ಮಿತಿಯೊಳಗೆ, ಸರ್ಕಾರ ಭರಿಸುತ್ತದೆ. ರೇಷನ್ ಕಾರ್ಡಿನಲ್ಲಿ ಮಗುವಿನ ಹೆಸರು ಸೇರಿದೆಯೇ ಎಂಬುದನ್ನು ಈಗಲೇ ನೋಡಿಕೊಳ್ಳಿರಿ, ರಾತ್ರಿ ಹನ್ನೊಂದಕ್ಕೆ ಕೌಂಟರಿನ ಮುಂದೆ ನಿಂತಾಗಲ್ಲ. ಖಾಸಗಿ ಆಸ್ಪತ್ರೆಗೆ ಹೋಗುವುದಾದರೆ ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕಾಗುತ್ತದೆ. ತುರ್ತು ಸ್ಥಿತಿಯಲ್ಲಿ ಅದಕ್ಕೆ ವಿನಾಯಿತಿ ಉಂಟು.

ಆದರೆ ಈ ಯೋಜನೆ ಮುಖ್ಯವಾಗಿ ವಾರ್ಡಿನೊಳಗಿನ ಖರ್ಚಿಗೆ. ಮನೆಗೆ ಬಂದ ಮರುದಿನದಿಂದ ಆಗುವ ಖರ್ಚೇ ನಿಜವಾಗಿ ಮನೆಯನ್ನು ಹಣ್ಣು ಮಾಡುವಂಥದ್ದು, ಮತ್ತು ಅದು ನಿಲ್ಲುವುದೇ ಇಲ್ಲ. ಇಪ್ಪತ್ತು ಕಿಲೋ ತೂಕದ ಮಗುವಿಗೆ ದಿನಕ್ಕೆ 15 ಯೂನಿಟ್ ಇನ್ಸುಲಿನ್ ಹಿಡಿದರೆ, 10 ಮಿಲಿಲೀಟರ್‌ನ 40 ಶಕ್ತಿಯ (ಅಂದರೆ ಮಿಲಿಲೀಟರ್‌ಗೆ 40 ಯೂನಿಟ್ ಇರುವ) ಬಾಟಲಿಯಲ್ಲಿರುವ 400 ಯೂನಿಟ್ ಹೆಚ್ಚುಕಡಿಮೆ 26 ದಿನ ಬಾಳುತ್ತದೆ. ಬಳಸಲು ತೆರೆದ ಬಾಟಲಿಯನ್ನು ನಾಲ್ಕು ವಾರದಾಚೆ ಬಳಸಬಾರದೆಂಬ ನಿಯಮಕ್ಕೂ ಇದು ಹೊಂದುತ್ತದೆ. ಸಾಮಾನ್ಯ ಹ್ಯೂಮನ್ ಇನ್ಸುಲಿನ್ ಅಷ್ಟೇನೂ ದುಬಾರಿಯಲ್ಲ. ದಿನಕ್ಕೆ ನಾಲ್ಕರಂತೆ ತಿಂಗಳಿಗೆ 120 ಪಟ್ಟಿಗಳು ಬೇಕಾಗುತ್ತವಲ್ಲ, ಮನೆಯಲ್ಲೇ ಶುಗರ್ ನೋಡುವ ಆ ಗ್ಲೂಕೋಮೀಟರ್ ಪಟ್ಟಿಗಳದ್ದೇ ಭಾರ. ಮೀಟರ್ ಅಗ್ಗವೆಂದು ಕೊಂಡು ಪಟ್ಟಿಯ ಬೆಲೆಗೆ ಸಿಕ್ಕಿಬೀಳುವವರೇ ಹೆಚ್ಚು. ಪಟ್ಟಿಯ ಬೆಲೆ ಕೇಳಿಯೇ ಮೀಟರ್ ಆರಿಸಿರಿ. ಪ್ರತಿ ಭೇಟಿಯಲ್ಲೂ ಆಸ್ಪತ್ರೆಯ ಔಷಧ ವಿಭಾಗದಲ್ಲಿ ಉಚಿತ ಇನ್ಸುಲಿನ್ ಮತ್ತು ಸಿರಿಂಜ್ ಕೇಳಿರಿ. ದಾಸ್ತಾನು ಮುಗಿದಿದ್ದರೆ ಜನೌಷಧಿ ಕೇಂದ್ರದಲ್ಲಿ ವಿಚಾರಿಸಿರಿ. ಮನೆಯಲ್ಲಿ ಒಂದು ಬಾಟಲಿ ಹೆಚ್ಚುವರಿ ಇರಲೇಬೇಕು.

ಕೊಳ್ಳುವಾಗ ಮುಚ್ಚಳದ ಬಣ್ಣ ನೋಡಿರಿ. 40 ಶಕ್ತಿಯ ಬಾಟಲಿಗೆ ಕೆಂಪು ಮುಚ್ಚಳದ ಸಿರಿಂಜ್, 100 ಶಕ್ತಿಯದಕ್ಕೆ ಕಿತ್ತಳೆ ಮುಚ್ಚಳದ್ದು. 100 ಶಕ್ತಿಯ ಇನ್ಸುಲಿನ್ ಅನ್ನು ಕೆಂಪು ಸಿರಿಂಜಿನಲ್ಲಿ ಎಳೆದರೆ ಮಗುವಿನ ಮೈಗೆ ಎರಡೂವರೆ ಪಟ್ಟು ಹೋಗುತ್ತದೆ.

ಇನ್ನೂ ತೆರೆಯದ ಬಾಟಲಿ 2ರಿಂದ 8 ಡಿಗ್ರಿಯ ತಂಪಿನಲ್ಲಿರಬೇಕು. ಹೆಪ್ಪುಗಟ್ಟಿದರೆ ಕೆಟ್ಟಿತೆಂದೇ ತಿಳಿಯಿರಿ. ಫ್ರಿಜ್ ಇಲ್ಲದ ಮನೆಯಲ್ಲಿ, ಗದುಗಿನ ಏಪ್ರಿಲ್ ಬಿಸಿಲಿಗೆ, ದೊಡ್ಡ ಗಡಿಗೆಯೊಳಗೆ ಒದ್ದೆ ಉಸುಕು ತುಂಬಿ, ಅದರಲ್ಲಿ ಚಿಕ್ಕ ಗಡಿಗೆ ಹೂಳಿ, ಬಾಟಲಿಯನ್ನು ಡಬ್ಬಿಯಲ್ಲಿಟ್ಟು ಅದರೊಳಗಿರಿಸಿರಿ. ಉಸುಕಿಗೆ ದಿನಕ್ಕೆರಡು ಸಲ ನೀರು ಚಿಮುಕಿಸಬೇಕು.

ಶಾಲೆಯ ಗುರುಗಳಿಗೆ ಒಂದು ಮಾತು ಲಿಖಿತವಾಗಿ ಕೊಡಿರಿ: ಮಗು ಬೆವರಿ, ನಡುಗಿ, ಮಂಕಾದರೆ, ಅಥವಾ ಶುಗರ್ 70ಕ್ಕಿಂತ ಕೆಳಗಿಳಿದರೆ, ಕೂಡಲೇ ಸಕ್ಕರೆ ನೀರು ಕುಡಿಸಿ ಹದಿನೈದು ನಿಮಿಷದ ನಂತರ ಮತ್ತೆ ನೋಡಬೇಕು, ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಅಂಥ ಹೊತ್ತಿನಲ್ಲಿ ಧಾರವಾಡ ಪೇಢೆ ಕೆಲಸಕ್ಕೆ ಬಾರದು, ಅದರ ಜಿಡ್ಡು ಸಕ್ಕರೆಯನ್ನು ನಿಧಾನಗೊಳಿಸುತ್ತದೆ. ಚೀಲದಲ್ಲಿ ಗ್ಲೂಕೋಸ್ ಪುಡಿಯೇ ಇರಲಿ.