ಒಂದು 'ಇಸು' ಮರೆತು ಗೆಟ್ ಕಲಿತೆ

ಬೆಂಗಳೂರಲ್ಲಿ ಕೆಲಸಕ್ಕೆ ಸೇರಿದ ಹೊಸತು. ಒಂದು ಸೋಮವಾರ ಲೇಟಾಗಿ ಹೋದೆ. 'ಐ ರಿಪೇರ್ಡ್ ಮೈ ಲ್ಯಾಪ್‌ಟಾಪ್' ಎಂದು ಮ್ಯಾನೇಜರ್‌ಗೆ ಕಾರಣ ಹೇಳಿದೆ. ಮಾರನೇ ದಿನ ಅವರು ಮಗಳ ಕೆಟ್ಟ ಲ್ಯಾಪ್‌ಟಾಪ್ ತಂದು ನನ್ನ ಟೇಬಲ್ ಮೇಲಿಟ್ಟರು!

ನನ್ನ ಮನಸ್ಸಲ್ಲಿದ್ದದ್ದು 'ರಿಪೇರಿ ಮಾಡಿಸಿದೆ'. ಇಂಗ್ಲಿಷಿಗೆ ಹೋಗುವ ದಾರಿಯಲ್ಲಿ, ಬೇರೆಯವರ ಕೈಲಿ ಮಾಡಿಸಿದ್ದು ಅಂತ ತೋರಿಸುವ ಆ 'ಇಸು' ಉದುರಿಹೋಗಿತ್ತು. 'ಐ ಗಾಟ್ ಮೈ ಲ್ಯಾಪ್‌ಟಾಪ್ ರಿಪೇರ್ಡ್ ಅನ್ಬೇಕಪ್ಪ' ಎಂದು ಪಕ್ಕದ ಸೀಟಿನ ಮೇಡಂ ತಿದ್ದಿದರು. ಕಟಿಂಗ್ ಮಾಡಿಸಿದೆ, ಬಟ್ಟೆ ಹೊಲಿಸಿದೆ, ಎಲ್ಲದಕ್ಕೂ ಇದೇ ಅಚ್ಚು.

ಅಂದು ರಾತ್ರಿ ಡಿಕ್ಷನರಿ ತೆಗೆದೆ. ಗೆಟ್‌ಗೆ ಹತ್ತಾರು ಅರ್ಥ. ಬಾಯಿಪಾಠ ಮಾಡಿದೆ, ಒಂದೂ ನಿಲ್ಲಲಿಲ್ಲ. ಆಮೇಲೆ ಉಲ್ಟಾ ಹೊರಟೆ. ದಿನಾ ನಾನೇ ಆಡುವ ಕನ್ನಡ ಮಾತು ಬರೆದುಕೊಂಡು, ಎಲ್ಲೆಲ್ಲಿ ಗೆಟ್ ಕೂರುತ್ತದೆ ನೋಡಿದೆ. ನನಗೆ ಕಾಗದ ಬಂತು. ನನಗೆ ಕೆಲಸ ಸಿಕ್ಕಿತು. ನನಗೆ ಸಿಟ್ಟು ಬಂತು. ನನಗೆ ಅರ್ಥವಾಯಿತು. ನಾಲ್ಕಕ್ಕೂ 'ಐ ಗಾಟ್'! ನಮ್ಮಲ್ಲಿ ಕಾಗದ, ಸಿಟ್ಟು ಎಲ್ಲ ತಾವಾಗೇ ಬರುತ್ತವೆ, ನಾವು 'ನನಗೆ' ಅಂತ ಸುಮ್ನೆ ಕೂತಿರುತ್ತೇವೆ. ಇಂಗ್ಲಿಷಿನವರು ಅದೇ ಜಾಗದಲ್ಲಿ 'ನಾನು' ಅಂತ ಎದ್ದು ನಿಲ್ಲುತ್ತಾರೆ. ಹಾಗಂತ 'ನನಗೆ' ಇದ್ದಲ್ಲೆಲ್ಲ ಗೆಟ್ ಹಾಕುವ ಹಾಗಿಲ್ಲ. 'ನನಗೆ ಈಜು ಬರುತ್ತದೆ' ಅನ್ನೋದಕ್ಕೆ 'ಕ್ಯಾನ್' ಬೇಕು.

'ಆಗು' ಕೂಡ ಹೀಗೇ. ಕತ್ತಲಾಯಿತು, ಸುಸ್ತಾಯಿತು, ಮದುವೆಯಾಯಿತು: ಗಾಟ್ ಡಾರ್ಕ್, ಗಾಟ್ ಟೈರ್ಡ್, ಗಾಟ್ ಮ್ಯಾರೀಡ್.

ಬಸ್ಸಿನ ವಿಷಯ ಮಾತ್ರ ತುಂಬ ದಿನ ಕಾಡಿತು. ನಾವು ಬಸ್ಸನ್ನೂ ಹತ್ತುತ್ತೇವೆ, ಕಾರನ್ನೂ ಹತ್ತುತ್ತೇವೆ. ಅವರಿಗೆ ಬಸ್ಸಾದರೆ 'ಗೆಟ್ ಆನ್', ಕಾರಾದರೆ 'ಗೆಟ್ ಇನ್'. ಒಳಗೆ ನಿಂತು ಓಡಾಡುವ ಹಾಗಿದ್ದರೆ ಆನ್, ಬಗ್ಗಿ ನುಗ್ಗಿ ಕೂರಬೇಕಾದರೆ ಇನ್ ಅಂತ ನೆನಪಿಟ್ಟುಕೊಂಡೆ. ಬೈಕಿಗೂ ಆನ್, ಅದರ ಮೇಲೇ ಕೂರುತ್ತೇವಲ್ವಾ. ಬಸ್ಸು, ಬೈಕಿಂದ ಇಳಿಯುವಾಗ ನಾವು ಬಾಯ್ತುಂಬ ಹೇಳುವ 'ಗೆಟ್ ಡೌನ್' ಅವರಿಗೆ 'ಗೆಟ್ ಆಫ್'. ಆದರೂ ಬಿಎಂಟಿಸಿ ಬಸ್ಸಿನಲ್ಲಿ ನಾನು ಈಗಲೂ ಗೆಟ್ ಡೌನೇ ಆಗೋದು.

ನನ್ನ 'ಇಸು' ಸೂತ್ರವೂ ಒಂದು ಕಡೆ ಕೈಕೊಟ್ಟಿತು. 'ಐ ಗಾಟ್ ಮೈ ಬೈಕ್ ಸ್ಟೋಲನ್' ಎಂದ ಗೆಳೆಯನನ್ನು 'ಯಾಕೋ ಕದಿಸಿದೆ?' ಎಂದು ಕೇಳಿಬಿಟ್ಟೆ. ಪಾಪ, ಅವನ ಬೈಕ್ ನಿಜಕ್ಕೂ ಕಳುವಾಗಿತ್ತು.

ಮ್ಯಾನೇಜರ್ ಮಗಳ ಲ್ಯಾಪ್‌ಟಾಪ್ ಏನಾಯ್ತು ಅಂದ್ರಾ? ನಿಜ ಹೇಳೋಕೆ ನಾಚಿಕೆಯಾಗಿ, ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರೋಡಿಗೆ ಒಯ್ದು ನನ್ನದೇ ದುಡ್ಡಲ್ಲಿ ಮಾಡಿಸಿಕೊಟ್ಟೆ.