ತರಗೆಲೆ ಸೇರುವಲ್ಲೇ ಕಿಡಿಯೂ ಸೇರುತ್ತದೆ: ಕಾಡಂಚಿಗೆ ಬಂದ ಹೊಸಬರಿಗೆ

ಕಾಡಂಚಿನ ಬಡಾವಣೆಯಲ್ಲಿ ಮನೆ ಮಾಡಿದ್ದೀರಾ? ಹಾಗಾದರೆ ಜೋರು ಗಾಳಿ ಬೀಸಿದ ಮಾರನೇ ದಿನ ಮನೆ ಸುತ್ತ ಒಂದು ಸುತ್ತು ಹಾಕಿ. ತರಗೆಲೆ ಎಲ್ಲೆಲ್ಲಿ ಗುಡ್ಡೆ ಬಿದ್ದಿದೆ ನೋಡಿ. ಮೆಟ್ಟಿಲ ಮೂಲೆ, ಡೆಕ್ಕಿನ (ಮನೆಗೆ ತಾಗಿದ ಹಲಗೆ ಜಗುಲಿಯ) ಕೆಳಗೆ, ಸೂರಿನ ನೀರು ದೋಣಿ, ಬೇಲಿ ಗೋಡೆಗೆ ತಾಗುವ ಸಂದು. ಕಾಳ್ಗಿಚ್ಚಿನ ದಿನ ಕಿಡಿಗಳೂ ಅಲ್ಲಿಗೇ ಬಂದು ಕೂರುತ್ತವೆ. ಎಲೆ ತಂದು ಹಾಕಿದ ಗಾಳಿಯೇ ಕಿಡಿಯನ್ನೂ ತರುವುದು.

ಕಾಳ್ಗಿಚ್ಚು ಅಂದರೆ ಬೆಂಕಿಯ ಗೋಡೆಯೊಂದು ಕಾಡಿನಿಂದ ಬಂದು ಮನೆಯನ್ನು ನುಂಗುತ್ತದೆ ಅಂತ ಬಹಳ ಜನ ಅಂದುಕೊಂಡಿರುತ್ತಾರೆ. ಆದರೆ ಹೆಚ್ಚಿನ ಮನೆಗಳು ಹೊತ್ತಿಕೊಳ್ಳುವುದು ಹಾರಿ ಬಂದ ಕಿಡಿಯಿಂದ, ಇಲ್ಲವೇ ಆ ಕಿಡಿ ಪಕ್ಕದಲ್ಲಿ ಹೊತ್ತಿಸಿದ ಸಣ್ಣ ಬೆಂಕಿಯಿಂದ. ಬೆಂಕಿ ಒಂದೆರಡು ಕಿಲೋಮೀಟರ್ ದೂರ ಇರುವಾಗಲೇ ಕಿಡಿ ಬಂದು ಬೀಳಬಹುದು. ಕೆನಡಾದ ಉತ್ತರದ ಕಾಡಿನಲ್ಲಿ 1990ರ ದಶಕದ ಕೊನೆಯಲ್ಲಿ ಸಂಶೋಧಕರು ಬೇಕಂತಲೇ ಬೆಂಕಿ ಹಚ್ಚಿ, ಎದುರಿಗೆ ಮರದ ಗೋಡೆಗಳನ್ನು ನಿಲ್ಲಿಸಿ ನೋಡಿದರು. 10 ಮೀಟರ್ ದೂರದ ಗೋಡೆಗಳಲ್ಲಿ ಕೆಲವು ಹೊತ್ತಿಕೊಂಡವು. 30 ಮೀಟರ್ ದೂರದವು ಹಾಗೇ ನಿಂತಿದ್ದವು. ಹಾಗಾಗಿ ಇಡೀ ಗುಡ್ಡದ ಚಿಂತೆ ನಿಮಗೆ ಬೇಡ. ಮನೆಯಿಂದ 30 ಮೀಟರ್ ಒಳಗೆ ಏನಿದೆ ಅನ್ನುವುದೇ ಮುಖ್ಯ.

ಅದರಲ್ಲೂ ಗೋಡೆಗೆ ಅಂಟಿದ ಮೊದಲ ಒಂದೂವರೆ ಮೀಟರ್. ಅಲ್ಲಿ ಹೊತ್ತುವಂಥದ್ದು ಏನೂ ಇರಬಾರದು. ಹೇಳುವುದು ಸುಲಭ ಅಲ್ವಾ? ನಾನು ಪಟ್ಟಿ ಮಾಡಲು ಕೂತಾಗ ನಮ್ಮ ಮುಂಬಾಗಿಲೊಂದರಲ್ಲೇ ಇಷ್ಟು ಸಿಕ್ಕಿತು: ನಾರಿನ ಕಾಲೊರಸು, ಕಡ್ಡಿ ಪೊರಕೆ, ರಟ್ಟಿನ ಡಬ್ಬಗಳು, ಒಣಗಿದ ಹೂಕುಂಡ, ಕುರ್ಚಿಯ ದಿಂಬು. ಕಿಟಕಿ ಕೆಳಗೆ ಅಂದಕ್ಕೆ ಅಂತ ಹರಡಿದ್ದ ತೊಗಟೆ ಚೂರು ಬೇರೆ. ಅದನ್ನು ತೆಗೆದು ಜಲ್ಲಿ ಹಾಕಿದೆವು. ಚೆನ್ನಾಗೇನೂ ಕಾಣುವುದಿಲ್ಲ, ಆದರೆ ಹೊತ್ತುವುದೂ ಇಲ್ಲ. ಸೌದೆ ರಾಶಿ ಇದ್ದರೆ ಕನಿಷ್ಠ 10 ಮೀಟರ್ ಆಚೆಗೆ ಸಾಗಿಸಿ. ಮರದ ಬೇಲಿ ನೇರ ಗೋಡೆಗೆ ತಾಗಿದ್ದರೆ ಅದು ಬೆಂಕಿಗೆ ಹಾಕಿಕೊಟ್ಟ ಬತ್ತಿ. ಕೊನೆಯ ತುಂಡನ್ನಾದರೂ ಲೋಹದ್ದಕ್ಕೆ ಬದಲಿಸಿ.

ಈಗ ತಲೆ ಎತ್ತಿ ನೋಡಿ. ಮರದ ಹಲಗೆ ಹೊದಿಸಿದ ಸೂರು ಎಲ್ಲಕ್ಕಿಂತ ಅಪಾಯ. ಹೆಂಚು, ಲೋಹ ವಾಸಿ. ಆದರೆ ಹೆಂಚಿನ ಅಂಚಿನ ಸಂದಿಯಲ್ಲಿ ಹಕ್ಕಿ ಗೂಡು ಕಟ್ಟಿರುತ್ತದೆ, ಆ ಹುಲ್ಲಿಗೆ ಒಂದು ಕಿಡಿ ಸಾಕು. ಅಟ್ಟದ ಗಾಳಿಗಿಂಡಿಗಳನ್ನು ಬಹಳ ಜನ ಮರೆಯುತ್ತಾರೆ. ಅದರೊಳಗೆ ಕಿಡಿ ನುಗ್ಗಿದರೆ ಮನೆ ಒಳಗಿನಿಂದ ಉರಿಯುತ್ತದೆ, ಹೊರಗೆ ನಿಂತವರಿಗೆ ಗೊತ್ತೇ ಆಗುವುದಿಲ್ಲ. ಜಾಲರಿ ಲೋಹದ್ದಿರಲಿ, ಕಣ್ಣು 3 ಮಿಲಿಮೀಟರ್‌ಗಿಂತ ದೊಡ್ಡದಿರಬಾರದು. ಪ್ಲಾಸ್ಟಿಕ್ ಜಾಲರಿ ಕರಗಿ ಹೋಗುತ್ತದೆ.

ಇಳಿಜಾರಿನ ಲೆಕ್ಕ ಬೇರೆ. ಬೆಂಕಿ ಏರು ಹತ್ತುವಾಗ ಓಡುತ್ತದೆ. ಪ್ರತಿ 10 ಡಿಗ್ರಿ ಏರಿಗೆ ಅದರ ವೇಗ ಹೆಚ್ಚೂಕಡಿಮೆ ಎರಡು ಪಟ್ಟಾಗುತ್ತದೆ. ಗುಡ್ಡದ ತುದಿಯ ಮನೆಯಿಂದ ನೋಟ ಚೆನ್ನಾಗಿರುತ್ತದೆ, ಒಪ್ಪುತ್ತೇನೆ. ಆದರೆ ಅಂಥ ಮನೆಯ ಕೆಳಗಿನ ಇಳಿಜಾರನ್ನು 30 ಮೀಟರ್‌ಗಿಂತ ಜಾಸ್ತಿ ದೂರ ಸವರಿಸಬೇಕಾಗಬಹುದು. ಮರಗಳನ್ನೆಲ್ಲ ಕಡಿಯಬೇಡಿ. ಕೆಳಗಿನ ಕೊಂಬೆಗಳನ್ನು ಕತ್ತರಿಸಿ, ಬುಡದ ಪೊದೆ ತೆಗೆದರೆ ನೆಲದ ಬೆಂಕಿಗೆ ಮರ ಹತ್ತಲು ಏಣಿ ಸಿಗುವುದಿಲ್ಲ.

ಪಕ್ಕದ ಮನೆ 10 ಮೀಟರ್ ಒಳಗಿದ್ದರೆ ಅದೂ ನಿಮ್ಮ ಲೆಕ್ಕಕ್ಕೇ ಸೇರುತ್ತದೆ. ಅವರ ಮನೆ ಹೊತ್ತಿದರೆ ಆ ಕಾವು ನಿಮ್ಮ ಕಿಟಕಿ ಗಾಜನ್ನು ಒಡೆಯಬಹುದು. ಪರಿಚಯ ಮಾಡಿಕೊಂಡು, ಇಬ್ಬರೂ ಸೇರಿ ನಡುವಿನ ಪೊದೆ ತೆಗೆಯಿರಿ.

ಸರ್ಕಾರದ ಅಪಾಯ ನಕ್ಷೆಯನ್ನೂ ನೋಡಿ. ಆದರೆ ಅದು ಹೇಳುವುದು ಊರಿನ ವಿಷಯ. ನಿಮ್ಮ ಸೂರಿನ ನೀರು ದೋಣಿಯಲ್ಲಿ ಎಲೆ ತುಂಬಿದೆಯೋ ಇಲ್ಲವೋ ನಕ್ಷೆಗೆ ಗೊತ್ತಿಲ್ಲ. ವಿಮೆ ಮೊತ್ತ ಮನೆಯನ್ನು ಮತ್ತೆ ಕಟ್ಟುವ ಖರ್ಚಿಗೆ ಸಾಲುತ್ತದಾ ಕೇಳಿ, ಕೊಂಡ ಬೆಲೆಗಲ್ಲ. ಒಂದೊಂದು ಕೋಣೆ, ಕಪಾಟು ತೆರೆದು ವಿಡಿಯೋ ಮಾಡಿಡಿ. ಬಾಡಿಗೆಯವರೂ ಅಷ್ಟೇ: ಮಾಲೀಕರ ವಿಮೆ ನಿಮ್ಮ ಸಾಮಾನಿಗೆ ಸಾಮಾನ್ಯವಾಗಿ ಬರುವುದಿಲ್ಲ.

ಕೊನೆಗೆ ದಾರಿ. ಬಡಾವಣೆಯಿಂದ ಹೊರಗೆ ಹೋಗಲು ಒಂದೇ ರಸ್ತೆಯಾ, ಎರಡಾ? ಎರಡನೆಯದರಲ್ಲಿ ಒಮ್ಮೆ ರಾತ್ರಿ ಹೊತ್ತು ಗಾಡಿ ಓಡಿಸಿ ನೋಡಿ. ಬೆಂಕಿಯ ದಿನ ಕರೆಂಟ್ ಹೋಗುವುದು ಮಾಮೂಲು, ಆಗ ಗ್ಯಾರೇಜಿನ ಬಾಗಿಲು ಗುಂಡಿ ಒತ್ತಿದರೆ ತೆರೆಯುವುದಿಲ್ಲ. ಒಳಗೆ ಮೇಲಿನಿಂದ, ಬಾಗಿಲನ್ನು ಮೋಟಾರಿನಿಂದ ಬಿಡಿಸುವ ಒಂದು ಹಗ್ಗ ನೇತಾಡುತ್ತಿರುತ್ತದೆ. ಬಾಗಿಲು ಮುಚ್ಚಿರುವಾಗ ಅದನ್ನು ಎಳೆದು, ಕೈಯಿಂದ ಎತ್ತಿ ಅಭ್ಯಾಸ ಮಾಡಿ. ನಾನು ಮೊದಲ ಸಲ ಎಳೆದಾಗ ಬಾಗಿಲು ಮೊಣಕಾಲಿನವರೆಗೂ ಏಳಲಿಲ್ಲ. ಬಾಗಿಲಿನ ಭಾರ ಹೊರುವ ಸ್ಪ್ರಿಂಗ್ ಕೆಟ್ಟಿತ್ತು.